ಒಂಬತ್ತು ಪಾಯಿಂಟ್ ಎರಡು

ಪೆಂಡುಲಮ್ಮಿನ ಸೂತ್ರವನ್ನು ಕ್ಯಾಲ್ಕುಲಸ್ ಹಾಕಿ ತಾನೇ ಬಿಡಿಸಿದ್ದ ನಜ್ಲಾಳಿಗೆ, ಬಿಎಸ್ಸಿ ಮೊದಲ ವರ್ಷದ ಲ್ಯಾಬಿನಲ್ಲಿ ಗುರುತ್ವದ ಬೆಲೆ 9.2 ಬಂತು. ಮೂರು ಸಲ ಮಾಡಿದರೂ ಅಷ್ಟೇ. ಉಳಿದವರು ಸೀನಿಯರುಗಳ ಹಳೇ ರೆಕಾರ್ಡು ನೋಡಿ 9.8 ಎಂದು ಬರೆದು ಹಂಪನಕಟ್ಟೆಯ ಬಸ್ಸು ಹತ್ತಿದ್ದರು. ಇವಳೊಬ್ಬಳು ಲ್ಯಾಬಿನ ಸ್ಟಾಪ್‌ಕ್ಲಾಕನ್ನು ಮೊಬೈಲಿನ ಪಕ್ಕ ಇಟ್ಟು ನೋಡಿದಳು.

ಮರುವಾರ ಸಹಿಗೆ ಹೋದಾಗ ಲೆಕ್ಚರರ್ ಮರ್ವಿನರಿಗೆ ಹೇಳಿಯೂ ಹೇಳಿದಳು. "ಸರ್, ಆ ಕ್ಲಾಕ್ ನಿಮಿಷಕ್ಕೆ ಎರಡು ಸೆಕೆಂಡು ಮುಂದೆ ಓಡ್ತದೆ."

"ಹತ್ತು ವರ್ಷದಿಂದ ಅದೇ ಕ್ಲಾಕ್ ಉಂಟು. ಎಲ್ಲರಿಗೂ 9.8 ಬರ್ತದೆ, ನಿನಗೆ ಮಾತ್ರ ಎಂತ?" ಎಂದು ಅವರು ಕೆಂಪು ಗೀಟು ಎಳೆದು 'ರಿಪೀಟ್' ಎಂದು ಬರೆದರು.

ಹಿಂದೆ ನಿಂತಿದ್ದ ಜಸೀಲಾಳ ರೆಕಾರ್ಡಿಗೆ 'ವೆರಿ ಗುಡ್' ಬಿತ್ತು. ಲ್ಯಾಬಿನ ದಿನ ಜಸೀಲಾ ಅಕ್ಕನ ಮದುವೆಮನೆಯಲ್ಲಿ ಎರಡೂ ಕೈಗೆ ಮದರಂಗಿ ಹಾಕಿಸಿಕೊಂಡು ಕೂತಿದ್ದಳು.