ಪೆಟ್ಟಿಗೆಯ ಮೇಲೆ ಬರೆದ ಹೆಸರು

ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್.

ಸಿರಾ ಪೇಟೆಯೆಲ್ಲ ಮಲಗಿದ್ದ ಹೊತ್ತಿನಲ್ಲಿ ಆ ಸಣ್ಣ ಸದ್ದಿಗೆ ರಹಮತ್ ಬಿಗೆ ಎಚ್ಚರವಾಯಿತು. ಅವಳ ಕೈ ಮೊದಲು ಹೋದದ್ದು ಪಕ್ಕದಲ್ಲಿ ಮಲಗಿದ್ದ ಕಾಯಿಲೆಯ ತಾಯಿ ಗೌಹರ್ ಬಿಯ ಎದೆಯ ಮೇಲೆ. ಉಸಿರು ಆಡುತ್ತಿತ್ತು. ಎದ್ದು ನಡುಮನೆಗೆ ಬಂದು ನೋಡಿದರೆ ಗಂಡ ಇಮಾಮ್ ಸಾಬರು ಲಾಟೀನಿನ ಬೆಳಕಿನಲ್ಲಿ ಹೊಸ ಟ್ರಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಬಿಳಿ ಬಣ್ಣದ ಕುಂಚವನ್ನು ಡಬ್ಬಿಯ ಅಂಚಿಗೆ ತಟ್ಟುತ್ತಿದ್ದ ಸದ್ದು ಅದು.

"ಬೆಳಿಗ್ಗೆ ಹೊತ್ತಿಗೆ ಒಣಗಬೇಕಲ್ಲ" ಎಂದರು, ತಲೆ ಎತ್ತದೆ.

ತಗಡಿನ ಟ್ರಂಕು ಬೇಕೆಂದರೆ ಸುತ್ತಲ ಹಳ್ಳಿಯವರು ಬರುತ್ತಿದ್ದುದು ಇಮಾಮ್ ಸಾಬರ ಅಂಗಡಿಗೇ. ಮದುವೆಯ ಹೆಣ್ಣಿಗೆ, ಹಾಸ್ಟೆಲಿಗೆ ಹೊರಟ ಹುಡುಗರಿಗೆ, ಹಜ್ ಯಾತ್ರೆಗೆ ಹೋಗುವವರಿಗೆ. ಹಜ್ಜಿನ ಪೆಟ್ಟಿಗೆಗೆ ಒಂದು ರೂಢಿಯಿತ್ತು. ಯಾತ್ರಿಕನ ಹೆಸರು, ತಂದೆಯ ಹೆಸರು, ಊರು, ಜಿಲ್ಲೆ, ಮೈಸೂರು ರಾಜ್ಯ, ಇಷ್ಟನ್ನೂ ಮುಚ್ಚಳದ ಮೇಲೆ ಉರ್ದು, ಕನ್ನಡ, ಇಂಗ್ಲಿಷು ಮೂರರಲ್ಲೂ ದೊಡ್ಡದಾಗಿ ಬರೆಯಬೇಕು. ಸಾವಿರ ಪೆಟ್ಟಿಗೆಗಳ ನಡುವೆಯೂ ದೂರದಿಂದ ಗುರುತು ಸಿಗಲಿ ಎಂದು. ಎಷ್ಟೋ ಜನರ ಹೆಸರು ಬರೆದ ಕೈ ಇವತ್ತು ತನ್ನ ಹೆಸರನ್ನೇ ಬರೆಯುತ್ತಿತ್ತು. ಅದಕ್ಕೇ ಅಷ್ಟು ನಿಧಾನ.

ಬೆಳಿಗ್ಗೆ ಪಕ್ಕದ ಮನೆಯ ಕರಿಬಸಮ್ಮ ದಾರಿಗೆಂದು ಹುರಿಗಡಲೆ ಚಟ್ನಿಪುಡಿ ಕಟ್ಟಿಕೊಂಡು ಬಂದಳು. ಗಂಡನ ಕಂಬಳಿ ವ್ಯಾಪಾರದ ದೆಸೆಯಿಂದ ಕೆಲವು ವರ್ಷ ಬೊಂಬಾಯಿಯಲ್ಲಿ ಸಂಸಾರ ಮಾಡಿ ಬಂದವಳು ಅವಳು. ಪೆಟ್ಟಿಗೆ ನೋಡಿ ಹುಬ್ಬೇರಿಸಿದಳು.

"ಸಾಬ್ರೇ, ಎಲ್ಲಾ ಬರ್ದಿದ್ದೀರಿ. ನಮ್ಮನೆ ಎಮ್ಮೆ ಹೆಸ್ರೊಂದು ಬುಟ್ಟೋಗದೆ."

"ಜಾಗ ಇದ್ದಿದ್ರೆ ಅದನ್ನೂ ಬರೀತಿದ್ದೆ ಕಣಮ್ಮ."

"ನಗ್ಬೇಡಿ. ಹೋಗೋವಾಗ ಹಡಗಿನಾಗೆ ಗುಂಪಿರ್ತದೆ. ಬರೋವಾಗ ನೀವಿಬ್ರೇ ಅಲ್ವರಾ?"

ನಿಜ. ಹೋಗುವುದು ಹಡಗಿನಲ್ಲಿ, ತುಮಕೂರಿನ ಕಡೆಯವರೊಂದಿಗೆ. ಆದರೆ ಗೌಹರ್ ಬಿಯ ಸ್ಥಿತಿ ನೋಡಿ, ಬೊಂಬಾಯಿಯ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಇಮಾಮ್ ಸಾಬರ ಅಕ್ಕನ ಮಗ ಅಹಮದ್ ಷರೀಫ್, ಇಬ್ಬರೂ ಬೇಗ ವಾಪಸು ಬರಲೆಂದು ವಿಮಾನದ ವ್ಯವಸ್ಥೆ ಮಾಡಿದ್ದ. "ಮಕ್ಕಾದ ಜಮ್‌ಜಮ್ ನೀರು ಒಂದು ಗುಟುಕು ನಾಲಿಗೆ ಮೇಲೆ ಬೀಳೋ ತಂಕ ನಾನೆಲ್ಲೂ ಹೋಗಲ್ಲ, ಹೋಗಿ ಬಾ" ಎಂದು ಮುದುಕಿ ಮಗಳ ಕೈ ಹಿಡಿದು ಹೇಳಿದ್ದಳು. ಅಷ್ಟು ಹೇಳುವುದಕ್ಕೇ ಅವಳಿಗೆ ಉಸಿರು ಹತ್ತಿತ್ತು.

ಕರಿಬಸಮ್ಮ ಹೊಸ್ತಿಲ ಮೇಲೆ ಕೂತಳು.

"ನೋಡಿ, ವಿಮಾನ ಇಳಿಯೋ ಜಾಗ ಅಂದ್ರೆ ಬೊಂಬಾಯಿ ಅಂದ್ಕಬೇಡಿ. ಅಲ್ಲಿಂದ ಊರೊಳಕ್ಕೆ ಇಲ್ಲಿಂದ ಬಡವನಹಳ್ಳಿಗೆ ಹೋದಷ್ಟು ದಾರಿ. ಬಾಗ್ಲು ದಾಟ್ತಿದ್ದಂಗೇ ಜನ ಮುತ್ಕಂತಾರೆ. ವಿಮಾನದ ಕಂಪನಿಯೋರದೇ ಬಸ್ಸು ನಿಂತಿರ್ತದೆ, ಊರೊಳಗಿನ ಅವ್ರ ಆಫೀಸಿನ ತಂಕ ಬುಡ್ತಾರೆ. ಹೊರಕ್ಕೆ ಬರೋಕೆ ಮುಂಚೇನೆ, ಒಳಗೆ ಕೂತಿರೋರನ್ನ ಅದು ಎಲ್ಲಿ ನಿಲ್ತದೆ ಅಂತ ಕೇಳ್ಕಳಿ."

"ಬಸ್ಸು ಇಲ್ದಿದ್ರೆ?" ರಹಮತ್ ಬಿ ಕೇಳಿದಳು.

"ಸಾಲಿನಾಗೆ ನಿಂತಿರೋ ಮೀಟರ್ ಟ್ಯಾಕ್ಸಿ. ಪೊಲೀಸಿನೋರ ಎದುರಿಗೇ ಹತ್ತಿ, ನಂಬರು ನೋಡ್ಕಂಡು. ದೂರದಾಗೆ ಕತ್ಲಾಗೆ ನಿಂತಿರೋ ಕಾರಿನ ತಾವ ಹೋಗ್ಬ್ಯಾಡಿ. ಪೆಟ್ಟಿಗೇನ ಕೈಯಿಂದ ಬುಡಬ್ಯಾಡಿ. ನಿಮ್ಮೋರು ಕಳ್ಸವ್ರೆ ಅಂತ ಯಾರಾನ ಬಂದ್ರೆ, ಪೆಟ್ಟಿಗೆ ಮೇಲಿಲ್ದೇ ಇರೋದು ಏನಾನ ಒಂದು ಕೇಳು ಬೂಬಮ್ಮ."

ಇಮಾಮ್ ಸಾಬರಿಗೆ ಸಿಟ್ಟು ಬಂತು. "ನಾನೇನು ಎಳೆಮಗುವಾ? ಬಳೆ ಅಂಗಡಿ ನಸ್ರುಲ್ಲಾ ಹೋದ ವರ್ಷ ವಿಮಾನದಾಗೇ ಬಂದ. ಅವನಿಗೇನಾಯ್ತು?"

"ಅವ್ರ ಪೆಟ್ಟಿಗೆ ಬರ್ಲಿಲ್ಲವಲ್ಲ."

"ಅದು ವಿಮಾನದಲ್ಲೇ ಉಳ್ಕಂತು. ಕಂಪನಿಯೋರು ಕಳಿಸ್ತಾರಂತೆ."

"ವರ್ಷ ತುಂಬ್ತಲ್ಲ ಸಾಬ್ರೇ" ಎಂದಳು ಕರಿಬಸಮ್ಮ.

*

ವಾಪಸು ಬಂದ ವಿಮಾನ ಬೊಂಬಾಯಿಯಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಅಹಮದ್ ಷರೀಫ್ ಮೊದಲೇ ತಿಳಿಸಿದ್ದ. ಕೆಲಸ ಬಿಟ್ಟು ವಿಮಾನ ನಿಲ್ದಾಣದವರೆಗೆ ಬರಲಾರೆ, ಊರೊಳಗೆ ಯಾತ್ರಿಕರು ತಂಗುವ ಮುಸಾಫಿರ್‌ಖಾನೆಯ ಬಾಗಿಲಲ್ಲಿ ಕಾಯುತ್ತೇನೆ, ರಾತ್ರಿಯ ರೈಲಿಗೆ ಟಿಕೆಟು ತೆಗೆದಿರುತ್ತೇನೆ ಎಂದು.

ಪೆಟ್ಟಿಗೆಯೊಳಗೆ ಬೆಸುಗೆ ಹಾಕಿದ ತಗಡಿನ ಡಬ್ಬಿಯಲ್ಲಿ ಜಮ್‌ಜಮ್ ನೀರಿತ್ತು. ಆ ನೀರಿನಲ್ಲೇ ಅದ್ದಿ ಒಣಗಿಸಿ ಮಡಿಸಿಟ್ಟ, ಸತ್ತಾಗ ಹೊದಿಸುವ ಕಫನ್ ಬಟ್ಟೆಯಿತ್ತು, ತಮ್ಮಿಬ್ಬರಿಗೆ ಮತ್ತು ತಾಯಿಗೆ. ಸ್ವಲ್ಪ ಖರ್ಜೂರ. ಬೇರೆ ಯಾರಿಗೂ ಬೆಲೆಯಿಲ್ಲದ ವಸ್ತುಗಳು. ರಹಮತ್ ಬಿಗೆ ಅದರಷ್ಟು ಬೆಲೆಯುಳ್ಳದ್ದು ಇನ್ನೊಂದಿರಲಿಲ್ಲ.

"ಬಸ್ಸು ಎಲ್ಲಿ ನಿಲ್ತದೆ ಕೇಳ್ರೀ" ಎಂದಳು.

"ಹೊರಗೆ ಹೋದ್ರೆ ಕಾಣ್ತದೆ ಬಾ" ಎಂದು ಇಮಾಮ್ ಸಾಬರು ಹೊರಟೇಬಿಟ್ಟರು.

ಹೊರಗೆ ಗದ್ದಲ. ಯಾರೋ ಯಾರನ್ನೋ ಕೂಗುತ್ತಿದ್ದರು. ಆ ಗದ್ದಲದ ನಡುವಿನಿಂದ ಬಿಳಿ ಪೈಜಾಮದ ಒಬ್ಬ ಮನುಷ್ಯ ಎರಡೂ ಕೈ ಚಾಚಿಕೊಂಡು ನೇರವಾಗಿ ಅವರ ಕಡೆಗೇ ಬಂದ.

"ಅಸ್ಸಲಾಮು ಅಲೈಕುಮ್ ಇಮಾಮ್ ಸಾಹೇಬ್. ಸಿರಾದಿಂದ ಅಲ್ಲವೇ? ಎಷ್ಟು ಹೊತ್ತಿನಿಂದ ಕಾಯುತ್ತಿದ್ದೇನೆ ನಿಮಗಾಗಿ" ಎಂದ, ಒಳ್ಳೆಯ ಉರ್ದುವಿನಲ್ಲಿ.

ಇಮಾಮ್ ಸಾಬರ ಮುಖ ಅರಳಿತು. ಗುರುತಿಲ್ಲದ ಊರಿನಲ್ಲಿ ಹೆಸರು ಹಿಡಿದು ಕರೆದರೆ ಯಾರ ಮುಖ ಅರಳುವುದಿಲ್ಲ? "ಅಹಮದ್ ಷರೀಫ್ ಕಳಿಸಿದನಾ?" ಎಂದು ತಾವೇ ಕೇಳಿದರು.

"ಅವರೇ. ನನ್ನ ದೋಸ್ತ್. ಕಾರು ತಂದಿದ್ದೇನೆ. ನೇರವಾಗಿ ಸ್ಟೇಷನ್ನಿಗೇ ಹೋಗೋಣ, ರೈಲು ತಪ್ಪಬಾರದು."

ರೈಲು ಎಂಬ ಮಾತಿಗೆ ರಹಮತ್ ಬಿಯ ಕಾಲೂ ತಾನಾಗಿ ಮುಂದೆ ಹೋಯಿತು. ಅಮ್ಮನ ಉಸಿರು ಅವಳ ಕಿವಿಯಲ್ಲಿತ್ತು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಇನ್ನೊಬ್ಬ ಪೆಟ್ಟಿಗೆ ಎತ್ತಿಕೊಂಡು ನಡೆದಾಗಿತ್ತು. ದೀಪದ ಕಂಬ ದಾಟಿ, ಮರದ ಕೆಳಗೆ ಕಪ್ಪು ಕಾರೊಂದು ನಿಂತಿತ್ತು.

"ಕಂಪನಿ ಬಸ್ಸು ಇದೆಯಂತಲ್ಲ" ಎಂದಳು.

"ಇದೆ ಅಮ್ಮಾ. ಅದು ಜನ ತುಂಬುವ ತನಕ ಹೊರಡುವುದಿಲ್ಲ. ನಿಮಗೆ ಅಷ್ಟು ಪುರಸೊತ್ತಿದ್ದರೆ ಕೂರಿ" ಎಂದು ನಕ್ಕ ಆ ಮನುಷ್ಯ. ಆಮೇಲೆ ಇಮಾಮ್ ಸಾಬರ ಭುಜ ಮುಟ್ಟಿ, "ಹೋದ ವರ್ಷವೂ ನಿಮ್ಮ ಸಿರಾದವರನ್ನೇ ಕರೆದುಕೊಂಡು ಹೋಗಿದ್ದೆ. ನಸ್ರುಲ್ಲಾ ಸಾಹೇಬರು. ಥೇಟ್ ಇಂಥದೇ ಪೆಟ್ಟಿಗೆ, ಇದೇ ಅಂದದ ಅಕ್ಷರ" ಎಂದ.

"ಅದೂ ನಾನೇ ಮಾಡಿದ್ದು" ಎಂದರು ಇಮಾಮ್ ಸಾಬರು, ಹೆಮ್ಮೆಯಿಂದ.

ರಹಮತ್ ಬಿ ಗಕ್ಕನೆ ನಿಂತಳು. ನಸ್ರುಲ್ಲಾನ ಪೆಟ್ಟಿಗೆ ವಿಮಾನದಲ್ಲೇ ಉಳಿದುಹೋಯಿತಲ್ಲ. ಹಾಗಿದ್ದರೆ ಇವನು ಅದನ್ನು ನೋಡಿದ್ದು ಎಲ್ಲಿ?

ಪೆಟ್ಟಿಗೆ ಕಾರಿನ ಹತ್ತಿರವಾಗುತ್ತಿತ್ತು. ಅವಳು ಕೇಳಿದಳು. "ಅಹಮದ್ ಷರೀಫನ ಮಗುವಿಗೆ ಜ್ವರ ಬಿಟ್ಟಿತಾ, ಭಾಯಿ?"

"ಬಿಟ್ಟಿದೆ ಅಮ್ಮಾ, ಅಲ್ಲಾಹನ ದಯೆ. ಆಡಿಕೊಂಡಿದೆ."

ಅಹಮದ್ ಷರೀಫನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ.

ರಹಮತ್ ಬಿ ಓಡಿದಳು. ಜನ್ಮದಲ್ಲಿ ಹಾಗೆ ಬೀದಿಯಲ್ಲಿ ಓಡಿದವಳಲ್ಲ. ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿ ಎಳೆದ ರಭಸಕ್ಕೆ ಅದು ದಢಾರನೆ ನೆಲಕ್ಕೆ ಬಿತ್ತು. ಬಿದ್ದ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ಏಳು, ಜನ ನೋಡ್ತವ್ರೆ" ಎಂದು ಗಂಡ ಹಲ್ಲು ಕಚ್ಚಿದರು. "ಹುಚ್ಚು ಹಿಡೀತಾ ನಿಂಗೆ?"

"ಹಿಡೀಲಿ. ಬಸ್ಸಿಗೆ ಹೋಗೋಣ. ಬಸ್ಸಲ್ಲದೆ ನಾನು ಇಲ್ಲಿಂದ ಏಳಲ್ಲ."

ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ದೂರದಿಂದ ಪೊಲೀಸಿನವನೊಬ್ಬ ಇತ್ತ ತಿರುಗಿದ. "ನಿಮ್ಮ ಇಷ್ಟ, ಒಳ್ಳೆಯದಕ್ಕೆ ಬಂದರೆ ಹೀಗೆ" ಎಂದು ಗೊಣಗುತ್ತ ಆ ಇಬ್ಬರೂ ಗದ್ದಲದಲ್ಲಿ ಕರಗಿಹೋದರು.

*

ಬಸ್ಸು ನಿಜವಾಗಿಯೂ ಜನ ತುಂಬುವ ತನಕ ಹೊರಡಲಿಲ್ಲ. ಕಿಟಕಿಯ ಪಕ್ಕ ಕೂತ ರಹಮತ್ ಬಿ ಕಾಲ ಕೆಳಗಿನ ಪೆಟ್ಟಿಗೆಯನ್ನು ಪಾದದಿಂದ ಒತ್ತಿ ಹಿಡಿದಿದ್ದಳು. ಮಗುವಿನ ಮಾತು ಹೇಳಿದರೂ ಗಂಡ ನಂಬಲಿಲ್ಲ. "ಗದ್ದಲದಾಗೆ ಅವನಿಗೆ ಏನು ಕೇಳಿಸ್ತೋ. ರೈಲು ತಪ್ತದೆ. ನಿಮ್ಮಮ್ಮನಿಗೆ ಏನಾದ್ರೂ ಆದ್ರೆ ನನ್ನ ಕೇಳ್ಬೇಡ" ಎಂದರು. ಅವಳಿಗೂ ಅದೇ ದಿಗಿಲು. ತಾನೇ ತಪ್ಪಿದ್ದರೆ? ಕೈಗೆ ಬಂದ ಕಾರು ಬಿಟ್ಟು, ಅಮ್ಮನ ಕೊನೆಯ ಗುಟುಕನ್ನು ತಾನೇ ತಪ್ಪಿಸಿದ್ದರೆ?

ಆಗ ಕಿಟಕಿಯಾಚೆ ದೀಪದ ಕೆಳಗೆ ಅದೇ ಬಿಳಿ ಪೈಜಾಮ ಕಂಡಿತು. ಇನ್ನೊಬ್ಬ ಮುದುಕ ಯಾತ್ರಿಕ ಪೆಟ್ಟಿಗೆ ಕೆಳಗಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ಆ ಮನುಷ್ಯ ಹಿಂದಿನಿಂದ ಬಂದು, ಕತ್ತು ವಾಲಿಸಿ ಮುಚ್ಚಳದ ಅಕ್ಷರ ಓದಿದ. ನಿಧಾನವಾಗಿ, ತುಟಿ ಅಲುಗಿಸುತ್ತ. ಆಮೇಲೆ ಒಂದು ಸುತ್ತು ಹಾಕಿ ಮುಂದಿನಿಂದ ಬಂದು ಎರಡೂ ಕೈ ಚಾಚಿದ.

ಇಮಾಮ್ ಸಾಬರೂ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಸ್ಸಿನಿಂದ ಇಳಿದು ಹೋಗಿ, ಆ ಮುದುಕನ ಪೆಟ್ಟಿಗೆಗೆ ತಾವೂ ಒಂದು ಕೈ ಹಾಕಿ ಅವನನ್ನು ಬಸ್ಸಿಗೆ ಕರೆತಂದರು.

ಆ ರಾತ್ರಿಯ ರೈಲು ತಪ್ಪಿಯೇ ತಪ್ಪಿತು. ಮುಸಾಫಿರ್‌ಖಾನೆಯ ಬಾಗಿಲಲ್ಲಿ ಅಹಮದ್ ಷರೀಫ್ ಕಾದು ಸುಸ್ತಾಗಿದ್ದ. "ನಾನು ಯಾರನ್ನೂ ಕಳಿಸಿಲ್ಲ ಮಾಮೂ" ಎಂದ. ಮರುದಿನದ ರೈಲಿನಲ್ಲಿ ಇಮಾಮ್ ಸಾಬರು ಹೇಳಿದ ಮಾತು ಒಂದೇ. "ಇದನ್ನ ಊರಲ್ಲಿ ಹೇಳ್ಬೇಡ. ಹಾಜಿ ಅನ್ನಿಸ್ಕೊಂಡು ಬರ್ತಿದ್ದೀನಿ."

*

ತುಮಕೂರಿನಲ್ಲಿ ಇಳಿದು ಸಿರಾ ಬಸ್ಸು ಹತ್ತಿ ಮನೆ ಸೇರಿದಾಗ ಮಗಳು ಶರ್ಫುನ್ನೀಸಾ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಇಮಾಮ್ ಸಾಬರು ತಾವು ಹಾಕಿಸಿದ್ದ ಬೆಸುಗೆಯನ್ನು ತಾವೇ ಬಿಚ್ಚಿದರು. ರಹಮತ್ ಬಿ ಚಮಚದಲ್ಲಿ ನೀರು ಬಿಟ್ಟಳು. ಗೌಹರ್ ಬಿ ನುಂಗಿದಳು. ಕಣ್ಣು ತೆರೆದು, "ತಡ ಮಾಡ್ದೆ" ಎಂದಳು, ಬೈಯುವವಳ ಹಾಗೆ. ರಹಮತ್ ಬಿ ಅಳುತ್ತಲೇ ನಕ್ಕಳು.

ಸಂಜೆ ಹಾಜಿಯನ್ನು ನೋಡಲು ಜನ ತುಂಬಿದರು. ಬಳೆ ಅಂಗಡಿಯ ನಸ್ರುಲ್ಲಾನೂ ಬಂದ. ಬಂದವನು ಹಾರ ಹಾಕಿ, ಪೆಟ್ಟಿಗೆಯ ಮುಂದೆ ಕೂತು, ಮುಚ್ಚಳದ ಅಕ್ಷರಗಳ ಮೇಲೆ ಬೆರಳಾಡಿಸಿದ.

ಬಡವನಹಳ್ಳಿಯಿಂದ ಬಂದಿದ್ದ ಒಬ್ಬರು ಕೇಳಿದರು. "ಮುಂದಿನ ವರ್ಷ ನಮ್ಮಣ್ಣ ಹೊರಟವ್ನೆ ಸಾಬ್ರೇ. ವಿಮಾನದಾಗೆ ಇಳಿದ್ಮೇಲೆ ಊರೊಳಕ್ಕೆ ಹೆಂಗೆ ಬಂದ್ರಿ? ಏನೂ ತೊಂದ್ರೆ ಆಗ್ಲಿಲ್ವಾ?"

ನಸ್ರುಲ್ಲಾನ ಬೆರಳು ನಿಂತಿತು. ಅವನು ತಲೆ ಎತ್ತಲಿಲ್ಲ. ಇಮಾಮ್ ಸಾಬರು ಅವನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ನೆರೆದ ಜನರ ನಡುವೆ ಅವರ ಮುಖ ಕೆಂಪಾಯಿತು.

"ಆಗ್ಲಿಲ್ಲ ಅಂದ್ರೆ ಸುಳ್ಳಾಗ್ತದೆ" ಎಂದರು ಕೊನೆಗೆ. "ಪೆಟ್ಟಿಗೆ ಮೇಲಿನ ಹೆಸ್ರು ಓದಿ ಕರೆದ ಕಂಡೋರ ಕಾರು ಹತ್ತೋಕೆ ಹೋಗಿದ್ದೆ ನಾನು. ಇವಳು ಪೆಟ್ಟಿಗೆ ಮೇಲೆ ಕೂತು ಉಳಿಸಿದ್ಲು."

ಬಾಗಿಲಲ್ಲಿ ನಿಂತಿದ್ದ ಕರಿಬಸಮ್ಮ ಹೇಳಿದಳು. "ನಮ್ಮೆಮ್ಮೆ ಹೆಸ್ರೂ ಬರ್ದಿದ್ರೆ ಅದನ್ನೂ ವಿಚಾರಿಸ್ಕಂತಿದ್ರು ಬುಡಿ." ಎಲ್ಲರೂ ನಕ್ಕರು. ಇಮಾಮ್ ಸಾಬರೂ ನಕ್ಕರು. ಆಮೇಲೆ ನಡೆದದ್ದನ್ನೆಲ್ಲ ಹೇಳಿದರು, ನಸ್ರುಲ್ಲಾನ ಹೆಸರೊಂದನ್ನು ಬಿಟ್ಟು. ಮರುವಾರದಿಂದ ಅವರ ಅಂಗಡಿಯಲ್ಲಿ ಹೆಸರು ವಿಳಾಸ ಮುಚ್ಚಳದ ಒಳಮೈಗೆ ಹೋಯಿತು. ಹೊರಗೆ ಗುರುತಿಗೆ ಒಂದು ಹೂವೋ ಒಂದು ಪಟ್ಟೆಯೋ, ಅಷ್ಟೇ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ದೂರದ ದೊಡ್ಡ ಊರಿನಲ್ಲಿ ವಿಮಾನ ಇಳಿಯಬಹುದು. ಅಲ್ಲಿಂದ ಊರೊಳಗೆ ಹೋಗುವ ದಾರಿಯನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ. ಬಸ್ಸು ತಡವಾದರೂ ಬಸ್ಸಿಗೇ ಕಾಯಿರಿ. ಟ್ಯಾಕ್ಸಿಯಾದರೆ ಸಾಲಿನಲ್ಲಿ ನಿಂತದ್ದನ್ನೇ ಹಿಡಿಯಿರಿ. ನಿಮ್ಮ ಹೆಸರು ಗೊತ್ತಿರುವವನೆಲ್ಲ ನಿಮ್ಮವನಲ್ಲ. ಅವಸರ ಮಾಡಿಸುವವನ ಹತ್ತಿರ ಇನ್ನೊಂದು ಗಳಿಗೆ ನಿಲ್ಲಿ, ಒಂದು ಪ್ರಶ್ನೆ ಕೇಳಿ. ಮೋಸ ಹೋದರೆ ನಾಚಿಕೊಂಡು ಸುಮ್ಮನಿರಬೇಡಿ, ನಿಮ್ಮ ಹಿಂದೆ ಹೊರಟವರಿಗೆ ಹೇಳಿ.

ಜನ ಚದುರಿದ ಮೇಲೂ ನಸ್ರುಲ್ಲಾ ಕೂತೇ ಇದ್ದ. ರಹಮತ್ ಬಿ ಒಳಗೆ ಹೋಗಿ ಸಣ್ಣ ಸೀಸೆಗೆ ಜಮ್‌ಜಮ್ ನೀರು ಬಗ್ಗಿಸಿದಳು. ತನ್ನದೆಂದು ತಂದಿದ್ದ ಕಫನ್ ಬಟ್ಟೆಯನ್ನು ಹರಿದು ಅರ್ಧ ಮಾಡಿದಳು. ಎರಡನ್ನೂ ಕಾಗದದಲ್ಲಿ ಸುತ್ತಿ ತಂದು ಅವನ ಕೈಯಲ್ಲಿಟ್ಟಳು.

"ಭಾಭೀ, ನನ್ನ ಪೆಟ್ಟಿಗೆ..." ಎಂದು ಅವನು ಶುರುಮಾಡಿದ.

"ವಿಮಾನದಾಗೆ ಉಳ್ಕಂತಲ್ಲ ಭಾಯಿ, ಗೊತ್ತು" ಎಂದಳು. "ಇದನ್ನ ತಗೊಂಡು ಹೋಗಿ."

ಅವನು ಕಾಗದದ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಬೀದಿಯ ತಿರುವು ದಾಟುವ ತನಕ ಅವಳು ಬಾಗಿಲಲ್ಲಿ ನಿಂತಿದ್ದಳು. ತನ್ನ ಕಥೆಯನ್ನು ಕೇಳಿದವರಿಗೆಲ್ಲ ಹೇಳಬೇಕು, ಕೇಳದವರಿಗೂ ಕರೆದು ಹೇಳಬೇಕು. ಅವನದು ಅವನು ಹೇಳಿದಾಗ ಹೇಳಲಿ. ಕಫನ್ ಬಟ್ಟೆ ಅರ್ಧ ಯಾಕಾಯಿತೆಂದು ನಾಳೆ ಶರ್ಫುನ್ನೀಸಾ ಕೇಳಿಯೇ ಕೇಳುತ್ತಾಳೆ. ಅವಳಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು ರಹಮತ್ ಬಿ ಬಾಗಿಲು ಹಾಕಿದಳು.