ಚುಕ್ಕೆಗೆರೆಯ ಗೋಡೆ

"ಇಲ್ಲಿ ಗೋಡೆ ಇರಲೇ ಇಲ್ಲ!"

ಅವನು ಮೂರನೇ ಸಲ ಹೇಳಿದಾಗ ಹೆಂಡತಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು.

"ಈಗಲೂ ಇಲ್ವಲ್ಲ. ಗಿಡದ ಬೇಲಿ ತಾನೇ ಇರೋದು."

ಅದೇ ಅವನ ಸಂಕಟ. ಹನ್ನೆರಡು ವರ್ಷದ ಹಿಂದೆ ಈ ಹಾಳು ಅರಮನೆಯ ನಕ್ಷೆ ಬರೆದವನು ಅವನೇ. ಅಗೆದಾಗ ಸಿಕ್ಕ ಗೋಡೆಗೆ ಗಟ್ಟಿ ಗೆರೆ, ಇದ್ದಿರಬಹುದು ಅನ್ನಿಸಿದ್ದಕ್ಕೆ ಚುಕ್ಕೆಗೆರೆ. ಉತ್ಖನನದ ಕಸುಬಿನ ಮೊದಲ ಪಾಠ. ಆಮೇಲೆ ಬಂದ ತೋಟದವರು ನಕ್ಷೆಯಲ್ಲಿ ಚುಕ್ಕೆ ಕಂಡಲ್ಲೆಲ್ಲ ಸಸಿ ನೆಡಬೇಕೆಂದುಕೊಂಡು, ಅವನ ಅನುಮಾನಕ್ಕೆ ನೀರೆರೆದು ಎದೆಯೆತ್ತರ ಬೆಳೆಸಿದ್ದರು. ಎದುರಿಗೊಂದು ಹಲಗೆ: 'ರಾಣಿಯ ಏಕಾಂತದ ಕೋಣೆ'.

ಗೇಟಿನ ಕಚೇರಿಗೆ ಹೋಗಿ ಕೂಗಾಡಿ ಬಂದಿದ್ದ. ಗುಮಾಸ್ತ ಅವನದೇ ನಕ್ಷೆ ತೆಗೆದು ಅವನಿಗೇ ತೋರಿಸಿದ್ದ. "ಇಲ್ಲಿದೆಯಲ್ಲ ಸಾರ್. ಓದಿದೋರು ಬರೆದಿರೋದು. ಸುಳ್ಳು ಬರೀತಾರಾ?"

"ಭಾವ, ನಿಮ್ಮ ಕೋಣೆ ಮುಂದೆ ನಿಂತ್ಕೊಳ್ಳಿ, ಒಂದು ಫೋಟೊ," ಎಂದ ಹೆಂಡತಿಯ ತಮ್ಮ.

"ಕೋಣೆ ಅಲ್ಲ ಕಣೋ. ನನ್ನ ಊಹೆ ಅದು."

"ಊಹೆ ಚೆನ್ನಾಗಿ ಚಿಗುರಿದೆ ಬಿಡಿ."

ಹೆಂಡತಿ ನಕ್ಕಳು. ಅವನಿಗೆ ಮೈಯೆಲ್ಲ ಉರಿದುಹೋಯಿತು. ಊರೆಲ್ಲ ನಂಬಲಿ, ಇವಳು? ತಾನು ಸುಳ್ಳು ಬರೆದವನಲ್ಲ ಎಂದು ಇವಳಿಗಾದರೂ ಗೊತ್ತಾಗಬೇಕು.

"ಒಳಗೇನೂ ಇಲ್ಲ ಅಂತ ಈಗ್ಲೇ ತೋರಿಸ್ತೀನಿ!"

ಎರಡೂ ಕೈಯಿಂದ ಬೇಲಿ ಸೀಳಿ ನುಗ್ಗಿದ. ಅಂಗಿ ಪರ್ರೆಂದಿತು. ಹಿಂದೆ ಕೊಂಬೆಗಳು ಮೊದಲಿನಂತೆ ಕೂಡಿಕೊಂಡವು. ಒಳಗೆ ಮೊಣಕಾಲುದ್ದದ ಹುಲ್ಲು, ಬಿಸಿಲು.

"ನೋಡು! ಏನಿದೆ ಇಲ್ಲಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಸೀಟಿ ಕೇಳಿಸಿತು. ಕಾವಲಿನವನು ಓಡಿಬಂದ.

"ಸಾರ್, ಹೊರಗೆ ಬನ್ನಿ!"

ಅವನು ಹೊರಬರಲು ಮತ್ತೆ ಬೇಲಿಗೆ ಕೈ ಹಾಕಿದ.

"ಗಿಡ ಮುಟ್ಟಬೇಡಿ! ಬಾಗಿಲಿಂದ ಬನ್ನಿ."

"ಬಾಗಿಲೇ ಇಲ್ಲ ಕಣಯ್ಯಾ ಇದಕ್ಕೆ!"

ಇರಲಿಲ್ಲ. ಗುರುತು ಸಿಗದ ಬಾಗಿಲನ್ನು ಅವನು ನಕ್ಷೆಯಲ್ಲಿ ಬರೆದಿರಲಿಲ್ಲ. ಅಷ್ಟು ಪ್ರಾಮಾಣಿಕ ಎಂದು ಆಗ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ.

"ಬಾಗಿಲಿಲ್ಲದ ಕೋಣೆ ಯಾರು ಕಟ್ಟಿಸ್ತಾರೆ ಸಾರ್? ಸರಿಯಾಗಿ ಹುಡುಕಿ."

ಜನ ಸೇರಿದರು. ಅವನು ಹೆಂಡತಿಯ ಕಡೆ ತಿರುಗಿದ.

"ನೀನಾದ್ರೂ ಹೇಳೇ."

ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

"ಒಂದು ಸುತ್ತು ನೋಡಬಾರದಾ? ಅವರು ಅಷ್ಟು ಹೇಳ್ತಿದ್ದಾರಲ್ಲ."

ಅವನು ಎಲೆಗಳ ಮೇಲೆ ಅಂಗೈ ಸವರುತ್ತ ಹೊರಟ. ಆಚೆ ಯಾರೋ ಮಗುವನ್ನು ಎತ್ತಿ ಹಿಡಿದು ಅವನನ್ನು ತೋರಿಸುತ್ತಿದ್ದರು. ನಾಲ್ಕನೆಯ ಮೂಲೆಯೂ ಮುಗಿಯಿತು. ಅವನು ಐದನೆಯದನ್ನು ಹುಡುಕುತ್ತ ನಡೆದ.