ಹನ್ನೊಂದು ಗಾಳಿವಾದ್ಯಗಳಿಗೆ

"ಇದನ್ನು ಯಾರು ಹಾಕಿದರು?"

ಟೀಡೆಮನ್ ಅವರ ತೋರುಬೆರಳು ಒಂಬತ್ತನೆಯ ಪುಟದ ಮೇಲಿತ್ತು. ಬಸವಂತ ಬಗ್ಗಿ ನೋಡಿದ. ಮಸ್ಕತ್ತಿನ ಹಮ್ರಿಯಾದ ಮುನಾಫನ ಪ್ರಿಂಟಿಂಗ್ ಅಂಗಡಿಯಲ್ಲಿ, ಕಾಗದ ಕತ್ತರಿಸುವ ಮೇಜಿನ ಮೇಲೆ ಹನ್ನೊಂದು ಕಟ್ಟುಗಳು ಸಾಲಾಗಿದ್ದವು. ಹನ್ನೊಂದು ಗಾಳಿವಾದ್ಯ, ಒಬ್ಬೊಬ್ಬ ವಾದಕನಿಗೆ ಸ್ವರಲಿಪಿಯ ಒಂದೊಂದು ಕಟ್ಟು. ಗೆರೆಗಳು ನೇರವಾಗಿದ್ದವು, ಅಂತರ ಸಮವಾಗಿತ್ತು. ನಾಲ್ಕು ತಿಂಗಳ ಕೆಲಸ.

"ನೀವೇ ಸರ್," ಬಸವಂತ ಇಂಗ್ಲಿಷಿನಲ್ಲಿ ಹೇಳಿದ. "ನಿಮ್ಮ ಕೈಬರಹದ ಪ್ರತಿಯಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದ್ದಿರಿ. ಅದಕ್ಕೇ ಸೇರಿಸಿದೆ."

"ಮತ್ತೆ ಹಸಿರಿನಲ್ಲಿ ಬರೆದದ್ದು?"

"ಅದನ್ನು ತೆಗೆದೆ."

ಮುದುಕ ಮುಂದಿನ ಪುಟಗಳನ್ನು ಒಂದೊಂದಾಗಿ ತಿರುವಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೆಂಪು ಎಂದರೆ ಬೇಡ," ಅಂದರು. "ಹಸಿರು ಎಂದರೆ ಇರಲಿ."

ಬಸವಂತನಿಗೆ ಕಿವಿ ಬಿಸಿಯಾಯಿತು. ಅವನು ವಾದಿ ಕಬೀರ್ ಬಡಾವಣೆಯ ಒಂದು ಎಂಜಿನಿಯರಿಂಗ್ ಕನ್ಸಲ್ಟೆನ್ಸಿಯಲ್ಲಿ ನಕ್ಷೆ ಬಿಡಿಸುವ ಡ್ರಾಫ್ಟ್ಸ್‌ಮನ್. ಹದಿನಾಲ್ಕು ವರ್ಷದಿಂದ ಎಂಜಿನಿಯರುಗಳು ಡ್ರಾಯಿಂಗಿನ ಮೇಲೆ ಕೆಂಪಿನಲ್ಲಿ ಗೀಚಿದ್ದನ್ನು ಸೇರಿಸಿ, ಹಸಿರಿನಲ್ಲಿ ಗೀಚಿದ್ದನ್ನು ತೆಗೆದು ಸಂಬಳ ತೆಗೆದುಕೊಂಡವನು. ಬಣ್ಣದ ಅರ್ಥ ಬೇರೆ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಸಂಗೀತ ಓದಲು ಅವನಿಗೆ ಬಾರದು. ಐದು ಗೆರೆ, ಚುಕ್ಕೆ, ಬಾಲಗಳನ್ನು ಅವನು ಕೊಳಾಯಿ, ವಾಲ್ವುಗಳಂತೆ ಗುರುತು ಮಾಡಿಕೊಂಡು ಕಂಪ್ಯೂಟರಿನ ಕ್ಯಾಡ್‌ನಲ್ಲಿ ಬಿಡಿಸಿದ್ದ. ನೆಟ್ಟಗೆ ನಿಂತ ಗೆರೆಗಳ ನಡುವಿನ ಭಾಗಗಳನ್ನು ಮನೆ ಎಂದು ಕರೆದು ಎಣಿಸಿದ್ದ. ಮೊದಲ ಎಂಟು ಪುಟಗಳಲ್ಲಿ ತಿದ್ದುಪಡಿಯೇ ಇರಲಿಲ್ಲ. ಅವನ್ನು ನೋಡಿ ಟೀಡೆಮನ್ "ಸರಿಯಾಗಿದೆ, ಮುಂದುವರಿಸಿ" ಎಂದಿದ್ದರು.

"ಎಂತ ಮಾರಾಯ ನೀನು," ಮುನಾಫ್ ಕೌಂಟರಿನಿಂದ ಕನ್ನಡದಲ್ಲಿ ಹೇಳಿದ. "ಒಂದು ಮಾತು ಕೇಳ್ಲಿಕ್ಕೆ ಆಗ್ತಿರ್ಲಿಲ್ವಾ ಮಾಷ್ಟ್ರತ್ರ?"

"ಕೇಳೂದೇನದ ಅದರಾಗ? ಕೆಂಪು ಅಂದ್ರ ಹಾಕು, ಹಸಿರು ಅಂದ್ರ ತಗಿ. ಸಣ್ಣ ಹುಡುಗ್ರಿಗೂ ಗೊತ್ತದ."

"ಸಣ್ಣ ಹುಡುಗ್ರಿಗೆ ಗೊತ್ತಿರುದು ಸಿಗ್ನಲ್. ಕೆಂಪು ಬಿದ್ರೆ ನಿಲ್ಲುದು."

ಆ ದಿನ ಮಂಗಳವಾರ. ಗುರುವಾರ ನಾಲ್ಕು ಗಂಟೆಗೆ ಕೊರಿಯರ್ ಬರುವುದಿತ್ತು. ಸೋಮವಾರದೊಳಗೆ ಕಟ್ಟುಗಳು ತಲುಪದಿದ್ದರೆ ಬೇರೆಯವರ ಕೃತಿ ನುಡಿಸುತ್ತೇವೆ ಎಂದು ಟೀಡೆಮನ್‌ರ ಹುಟ್ಟೂರಿನ ವಾದ್ಯವೃಂದ ಬರೆದಿತ್ತು.

ಎಗೋನ್ ಟೀಡೆಮನ್ ಅವರ ಹೆಸರನ್ನು ಅವರ ದೇಶದಲ್ಲಿಯೂ ಕೇಳಿದವರು ಕಡಿಮೆ. ಜರ್ಮನಿಯ ವೇಸರ್ ನದಿಯ ದಡದ ಸಣ್ಣ ಊರು, ಇಟ್ಟಿಗೆ ಗೂಡಿನಲ್ಲಿ ದುಡಿಯುವ ಅಪ್ಪ. ಮೂವತ್ತೆಂಟನೆಯ ವಯಸ್ಸಿಗೆ ಒಂದು ಆಪೆರಾ ಬರೆದರು. ನಾಲ್ಕು ರಾತ್ರಿ ನಡೆಯಿತು. ಐದನೆಯ ರಾತ್ರಿಗೆ ಹದಿನಾರೇ ಜನ ಬಂದದ್ದರಿಂದ ಬಾಗಿಲು ಮುಚ್ಚಿದರು. ಎಂಬತ್ತಾರನೆಯ ಇಸವಿಯಲ್ಲಿ, ಎಣ್ಣೆ ಬೆಲೆ ಬಿದ್ದು ಉಳಿದವರೆಲ್ಲ ಒಮಾನ್ ಬಿಡುತ್ತಿದ್ದಾಗ, ಅರ್ಧ ಸಂಬಳಕ್ಕೆ ಒಪ್ಪಿ ಮಸ್ಕತ್ತಿಗೆ ಬಂದರು. ಮೂವತ್ತು ವರ್ಷ ಒಮಾನಿ ಹುಡುಗರಿಗೆ ಓಬೋ, ದಪ್ಪ ದನಿಯ ಬಸೂನು ಮೊದಲಾದ ಗಾಳಿವಾದ್ಯ ಕಲಿಸಿದರು. ಪ್ರತಿ ಬೆಳಿಗ್ಗೆ ಐದರಿಂದ ಏಳರವರೆಗೆ ಸೀಬ್ ಎಂಬಲ್ಲಿನ ಫ್ಲ್ಯಾಟಿನಲ್ಲಿ ಕೂತು ಬರೆದರು. ಹತ್ತೊಂಬತ್ತು ಕೃತಿಗಳಾದವು. ಅವುಗಳಲ್ಲಿ ಹನ್ನೆರಡನ್ನು ಯಾರೂ ನುಡಿಸದೆ ಅವರ ಕಿವಿಯೂ ಕೇಳಿರಲಿಲ್ಲ. ಈಗ ಮತ್ತೆ ಎಣ್ಣೆ ಬೆಲೆ ಪೀಪಾಯಿಗೆ ಮೂವತ್ತು ಡಾಲರಿಗೆ ಇಳಿದಿತ್ತು. ಅವರ ಹುದ್ದೆ ರದ್ದಾಗಿ, ಮುಂದಿನ ವಾರದ ಕೊನೆಗೆ ವಿಮಾನದ ಟಿಕೆಟ್ ಆಗಿತ್ತು. ಕೈ ನಡುಗುತ್ತಿದ್ದುದರಿಂದ ಕಟ್ಟುಗಳನ್ನು ತಾವೇ ಬರೆಯಲಾಗದೆ, ನೇರ ಗೆರೆ ಎಳೆಯುವವರು ಯಾರಿದ್ದಾರೆಂದು ಮುನಾಫನ ಅಂಗಡಿಯಲ್ಲಿ ವಿಚಾರಿಸಿದ್ದರು.

ಟೀಡೆಮನ್ ಮತ್ತೆ ಒಂಬತ್ತನೆಯ ಪುಟ ತೆಗೆದು, ತುಟಿ ಚೂಪು ಮಾಡಿ ಶಿಳ್ಳೆ ಹಾಕಿದರು. ಕೆಂಪು ಸುತ್ತಿನೊಳಗಿದ್ದ ಕ್ಲಾರಿನೆಟ್ಟಿನ ರಾಗ. ಆತುರವಿಲ್ಲದೆ ಮೇಲೇರಿ, ಇಳಿಯುವ ಮೊದಲು ಒಂದು ಕ್ಷಣ ನಿಂತು, ಮತ್ತೆ ಏರಿತು. ಪಾಸ್‌ಪೋರ್ಟ್ ಜೆರಾಕ್ಸಿಗೆ ಬಂದಿದ್ದ ಶರೀಫಾ ಎಂಬ ನರ್ಸ್ ತನ್ನ ಸರದಿ ಬಂದರೂ ಮುಂದೆ ಸರಿಯಲಿಲ್ಲ. ಬಸವಂತ ತಾನು ಎಳೆದ ಚುಕ್ಕೆಗಳನ್ನು ಮೊದಲ ಸಲ ಕೇಳಿದ.

"ಇದ ಚಲೋ ಅದಲ್ಲೋ," ಅವನು ಮುನಾಫನಿಗೆ ಹೇಳಿದ.

ಮುನಾಫ್ ಇಂಗ್ಲಿಷಿಗೆ ಇಳಿದ. "ಮಾಷ್ಟ್ರೇ, ಇದು ಚಂದ ಉಂಟು. ಹೀಗೇ ಕಳಿಸಿ. ಅಲ್ಲಿಯವರಿಗೆ ಎಂತ ಗೊತ್ತಾಗ್ತದೆ? ಇಂಪಾಗಿರಲಿ ಅಂತ ಅವರೂ ಪತ್ರದಲ್ಲಿ ಬರೆದಿದ್ದಾರೆ ಅಂತ ಮೊನ್ನೆ ನೀವೇ ಅಂದಿರಲ್ಲ. ಖಲಾಸ್."

"ಚೆನ್ನಾಗಿದೆ," ಟೀಡೆಮನ್ ಒಪ್ಪಿದರು. "ಇದನ್ನು ಬರೆಯಲು ಒಂದು ಮಧ್ಯಾಹ್ನ ಹಿಡಿಯಿತು. ತೆಗೆಯಲು ಆರು ವರ್ಷ."

"ತೆಗೆದದ್ದು ಯಾಕೆ ಸರ್?"

"ಇದಾದ ಮೇಲೆ ಬಸೂನು ಒಂದೇ ಬರುತ್ತದೆ. ಅದು ಹೇಳುವುದಕ್ಕಾಗಿಯೇ ನಾನು ಇಡೀ ಕೃತಿ ಬರೆದದ್ದು. ಜನ ಈ ಶಿಳ್ಳೆಯನ್ನೇ ಗುನುಗುತ್ತ ಕೂತರೆ ಅದು ಕೇಳಿಸುವುದಿಲ್ಲ."

"ತಿದ್ದಲು ಆಗದಿದ್ದರೆ?"

"ಕಳಿಸುವುದಿಲ್ಲ."

ಅವರು ದನಿ ಏರಿಸಲಿಲ್ಲ. ಎಪ್ಪತ್ನಾಲ್ಕು ವಯಸ್ಸಿನವರು, ತಮ್ಮ ಊರಿನಲ್ಲಿ ಒಂದೇ ಒಂದು ಸಲ ತಮ್ಮ ಕೃತಿ ಕೇಳುವ ಅವಕಾಶವನ್ನು ಬಸ್ಸು ತಪ್ಪಿದಂತೆ ಬಿಡಲು ಸಿದ್ಧರಾಗಿದ್ದರು. ಬಸವಂತನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಾಚಿಕೆ. ಅವನು ಎಳೆದ ಡ್ರಾಯಿಂಗುಗಳನ್ನು ಎಷ್ಟೋ ಸಲ ಯಾರೂ ಸರಿಯಾಗಿ ನೋಡದೆ ಸಹಿ ಹಾಕಿದ್ದರು. ಅವನೂ ತಪ್ಪು ಗೊತ್ತಿದ್ದೂ ಸುಮ್ಮನಿದ್ದ ದಿನಗಳಿದ್ದವು.

ಅವನು ಕುರ್ಚಿ ಎಳೆದು ಮುನಾಫನ ಕಂಪ್ಯೂಟರಿನ ಮುಂದೆ ಕೂತ.

"ಹಸಿರಿನಾಗಿದ್ದದ್ದೆಲ್ಲಾ ಅದ," ಮುನಾಫನಿಗೆ ಹೇಳಿದ. "ನಾವು ಏನೂ ಅಳಸಂಗಿಲ್ಲ. ಬೇರೆ ಲೇಯರಿಗೆ ಹಾಕಿ ಕಾಣದ್ಹಂಗ ಆಫ್ ಮಾಡಿರತೀವಿ. ನಾಳೆ ಸಾಹೇಬ ಬಂದು ಮೊದಲಿನ್ಹಂಗ ಮಾಡು ಅಂದ್ರ ಬೇಕಾಗತದ."

"ಹಾಗಾದ್ರೆ ಒಂದು ಬಟನ್ ಒತ್ತಿದ್ರೆ ಆಯ್ತಲ್ಲ."

"ಹನ್ನೊಂದು ಮಂದಿದೂ ಸರಿಸಿ ಕೂಡಸಬೇಕು. ಈ ರಾಗದ ನಲವತ್ತೊಂದು ಮನಿ ಹೋದ್ರ ಹಿಂದಿನವೆಲ್ಲಾ ಮುಂದ ಬರತಾವ. ಇಂಥವು ಇನ್ನೂ ಒಂಬತ್ತು ಕಡೆ ಅದಾವ."

ಆಫೀಸಿನಲ್ಲಿ ಕೇಳುವವರಿರಲಿಲ್ಲ. ಇಪ್ಪತ್ತೆರಡು ಡ್ರಾಫ್ಟ್ಸ್‌ಮನ್‌ಗಳಲ್ಲಿ ಉಳಿದಿದ್ದ ಐವರೂ ಬಂದು ಹಾಜರಿ ಹಾಕಿ ಖಾಲಿ ಸ್ಕ್ರೀನು ನೋಡುತ್ತಿದ್ದರು. ಬಸವಂತ ಬುಧವಾರ ಹೊಟ್ಟೆನೋವೆಂದು ಮೆಸೇಜ್ ಹಾಕಿದ. ಗುರುವಾರ ಅದನ್ನೂ ಹಾಕಲಿಲ್ಲ.

ಟೀಡೆಮನ್ ಪಕ್ಕದಲ್ಲಿ ಎರಡು ಕಾಗದದ ಪೆಟ್ಟಿಗೆಗಳ ಮೇಲೆ ಕೂತರು. ಬಸವಂತ ಒಂದೊಂದು ಕಡೆ ಬಂದಾಗ "ಸರ್, ಕೆಂಪು" ಎನ್ನುವನು. ಅವರು "ಆಫ್" ಎನ್ನುವರು. ಕ್ಲಾರಿನೆಟ್ಟಿನ ನಲವತ್ತೊಂದು ಮನೆ ಬಂದಾಗ ಬಸವಂತನ ಕೈ ನಿಂತಿತು. ಅವನು ತಿರುಗಿ ನೋಡಿದ. ಮುದುಕ ಆಗಲೇ ಮುಂದಿನ ಪುಟ ನೋಡುತ್ತಿದ್ದರು.

"ಆಫ್," ಅಂದರು.

ಪ್ರಿಂಟಾದ ಪ್ರತಿ ಕಟ್ಟನ್ನೂ ಅವರು ಒಂದೇ ರೀತಿ ಪರೀಕ್ಷಿಸಿದರು. ಹಾಡಲಿಲ್ಲ, ಕೈಯಿಂದ ತಾಳ ಹಾಕಲಿಲ್ಲ. ವಾದಕ ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಂಡು, ಎಲ್ಲಿಯವರೆಗೆ ಊದಬೇಕೋ ಅಲ್ಲಿಯವರೆಗೆ ಬಿಗಿಹಿಡಿದರು. ಉಸಿರು ಸಾಲದ ಕಡೆ ಉಸಿರೆಳೆಯುವ ಸಣ್ಣ ಗುರುತು ಹಾಕಿಸಿದರು. ಓಬೋ ಮುಗಿಯುವ ಹೊತ್ತಿಗೆ ಕುತ್ತಿಗೆಯ ನರ ಉಬ್ಬಿತ್ತು. ಮುನಾಫ್ ನೀರು ತಂದಿಟ್ಟ.

"ಹನ್ನೊಂದು ಜನರದ್ದೂ ಇವರೊಬ್ಬರೇ ಊದ್ತಾರಾ?"

"ಸುಮ್ನಿರೋ," ಬಸವಂತ ಅಂದ.

ಗುರುವಾರ ನಾಲ್ಕಕ್ಕೆ ಐದು ನಿಮಿಷವಿರುವಾಗ ಕೊರಿಯರಿನವನು ಬಂದು ಬಾಗಿಲಲ್ಲಿ ನಿಂತ. ಹತ್ತು ಕಟ್ಟುಗಳು ಪೆಟ್ಟಿಗೆಯೊಳಗಿದ್ದವು. ಬಸೂನಿನದು ಟೀಡೆಮನ್‌ರ ಕೈಯಲ್ಲಿತ್ತು.

"ಭಾಯ್, ಜಲ್ದಿ ಕರೋ. ಗಾಡಿ ರಾಂಗ್ ಪಾರ್ಕಿಂಗ್ ಮೇಂ ಹೈ."

"ಏಕ್ ಮಿನಿಟ್," ಮುನಾಫ್ ಹೇಳಿ, ಓಡುತ್ತಿದ್ದ ಲ್ಯಾಮಿನೇಷನ್ ಯಂತ್ರದ ಸ್ವಿಚ್ ಒತ್ತಿ ನಿಲ್ಲಿಸಿದ.

ಬಸೂನು ಒಂದೇ ಬರುವ ಕಡೆ, ಒಂದೇ ಉಸಿರಿನ ಏಳು ಮನೆಗಳ ಮೊದಲಿಗೆ ಬೆರಳಿಟ್ಟು ಮುದುಕ ಉಸಿರೆಳೆದುಕೊಂಡರು. ಬೆರಳು ಗೆರೆಯ ಮೇಲೆ ಮೆಲ್ಲಗೆ ಸರಿಯತೊಡಗಿತು. ಮೂರನೆಯ ಮನೆ, ನಾಲ್ಕನೆಯದು. ಎದೆ ಅಲುಗಲಿಲ್ಲ. ಐದನೆಯದರಲ್ಲಿ ಬೆರಳು ನಡುಗಿತು, ಆದರೆ ವೇಗ ಹೆಚ್ಚಲಿಲ್ಲ. ಬಸವಂತ ತನ್ನ ಉಸಿರೂ ನಿಂತಿದೆಯೆಂದು ಗಮನಿಸಲಿಲ್ಲ. ಬೆರಳು ಏಳನೆಯ ಮನೆಯ ಗೆರೆ ದಾಟಿತು. ಟೀಡೆಮನ್ ಉಸಿರು ಬಿಟ್ಟು, ಪುಟ ತಿರುವಿದರು.